ಜಾಂಗೊದಲ್ಲಿ ಜೋಡಿಸಿದ ಕ್ವೆರಿ ತಪ್ಪು ಉತ್ತರ ಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಡೇಟಾಬೇಸಿಗೆ ಕೇಳುವ ಪ್ರಶ್ನೆಗಳಲ್ಲಿ, ಅಂದರೆ ಕ್ವೆರಿಗಳಲ್ಲಿ, ಒಂದೇ ಷರತ್ತನ್ನು ಹತ್ತು ಕಡೆ ಬರೆಯುವುದಕ್ಕಿಂತ ಒಮ್ಮೆ ಬರೆದು, ಹೆಸರಿಟ್ಟು, ಬೇಕಾದಲ್ಲೆಲ್ಲ ಜೋಡಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೊದಲ್ಲಿ ಇದಕ್ಕೆ ಎರಡು ಸಾಧನಗಳಿವೆ. ಒಂದು, ಷರತ್ತನ್ನು ಹಿಡಿದಿಡುವ ಕ್ಯೂ ಆಬ್ಜೆಕ್ಟ್. ಇನ್ನೊಂದು, ನಮ್ಮದೇ ಮೆಥಡ್‌ಗಳನ್ನು ಸೇರಿಸಿ ಬರೆದ ಕ್ವೆರಿಸೆಟ್ ಕ್ಲಾಸ್. ಕ್ವೆರಿಸೆಟ್ ಎಂದರೆ ಜಾಂಗೊ ಕಟ್ಟುವ ಕ್ವೆರಿ ಮತ್ತು ಅದರಿಂದ ಬರುವ ಸಾಲುಗಳ ಪಟ್ಟಿ. ತೊಡಕು ಬರುವುದು ಜೋಡಣೆಯಲ್ಲಿ. ಬಿಡಿಯಾಗಿ ಪರೀಕ್ಷಿಸಿದಾಗ ಸರಿಯಿದ್ದ ಎರಡು ತುಣುಕುಗಳು ಒಟ್ಟಿಗೆ ಸೇರಿದಾಗ ತಪ್ಪು ಉತ್ತರ ಕೊಡಬಹುದು, ಅದೂ ಒಂದೇ ಒಂದು ದೋಷ ಸಂದೇಶವಿಲ್ಲದೆ. ಪುಟ ತೆರೆಯುತ್ತದೆ, ಪಟ್ಟಿ ಕಾಣುತ್ತದೆ, ಲೆಕ್ಕ ಮಾತ್ರ ಸುಳ್ಳಾಗಿರುತ್ತದೆ.

ಉದಾಹರಣೆಗಳೆಲ್ಲ ಒಂದು ಗ್ರಂಥಾಲಯದ ಡೇಟಾಬೇಸಿನವು. ಅದರಲ್ಲಿ ಪುಸ್ತಕ, ಲೇಖಕ, ಸದಸ್ಯ, ಎರವಲು ಎಂಬ ನಾಲ್ಕು ಮಾಡೆಲ್‌ಗಳಿವೆ (ಒಂದೊಂದು ಟೇಬಲ್ಲಿಗೆ ಒಂದೊಂದು ಪೈಥಾನ್ ಕ್ಲಾಸ್). ಒಂದು ಪುಸ್ತಕಕ್ಕೆ ಹಲವು ಲೇಖಕರು, ಒಬ್ಬ ಸದಸ್ಯರಿಗೆ ಹಲವು ಎರವಲು. ಎರವಲಿನಲ್ಲಿ ಪುಸ್ತಕ, ಸದಸ್ಯ, ತಾರೀಕು, ವಾಪಸ್ ದಿನ, ದಂಡ ಎಂಬ ಫೀಲ್ಡ್‌ಗಳು. ಕೋಡ್ ಸಾಲುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ನಿಮ್ಮ ಕಡತದಲ್ಲಿ ಜಾಂಗೊದ ಮೆಥಡ್ ಹೆಸರುಗಳನ್ನು ಎಂದಿನ ಹಾಗೆ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ವಿವರಣೆ ಜಾಂಗೊ 4.2 ಮತ್ತು 5.2ಕ್ಕೆ ಹೊಂದುತ್ತದೆ.

ಯಾವ ಲಕ್ಷಣವಿದ್ದರೂ ಮೊದಲು ಮಾಡಬೇಕಾದ್ದು

ಪೈಥಾನ್ ಕೋಡನ್ನು ಮತ್ತೆ ಮತ್ತೆ ಓದುತ್ತ ಕೂರಬೇಡಿ. ಅದು ಹುಟ್ಟಿಸಿದ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸಿನ ಭಾಷೆಯಲ್ಲಿರುವ ಕ್ವೆರಿ, ನೋಡಿ. ಶೆಲ್ ತೆರೆದು ಕ್ವೆರಿಸೆಟ್‌ನ ಕ್ವೆರಿ ಎಂಬ ಗುಣವನ್ನು ಪ್ರಿಂಟ್ ಮಾಡಿದರೆ ಸಾಕು:

ಪ್ರಿಂಟ್(ಪಟ್ಟಿ.ಕ್ವೆರಿ)

ಇದಕ್ಕೆ ಖರ್ಚಿಲ್ಲ, ಡೇಟಾಬೇಸಿಗೆ ಹೋಗುವುದೂ ಇಲ್ಲ. ಒಂದು ಎಚ್ಚರ: ಇಲ್ಲಿ ಕಾಣುವ ಎಸ್‌ಕ್ಯೂಎಲ್‌ನಲ್ಲಿ ಪದಗಳಿಗೂ ತಾರೀಕುಗಳಿಗೂ ಉದ್ಧರಣ ಚಿಹ್ನೆ ಇರುವುದಿಲ್ಲ. ಹಾಗೇ ನಕಲು ಮಾಡಿ ಡೇಟಾಬೇಸ್ ಪ್ರಾಂಪ್ಟಿನಲ್ಲಿ ಅಂಟಿಸಿದರೆ ದೋಷ ಬರುತ್ತದೆ. ಅದು ನಿಮ್ಮ ಕ್ವೆರಿಯ ದೋಷವಲ್ಲ. ಓಡಿದ ಕ್ವೆರಿಗಳನ್ನು ನೋಡಬೇಕಾದರೆ, ಡೀಬಗ್ ಆನ್ ಇರುವ ನಿಮ್ಮ ಸ್ವಂತ ಗಣಕದಲ್ಲಿ ಕನೆಕ್ಷನ್.ಕ್ವೆರೀಸ್ ಪಟ್ಟಿ ತೆರೆಯಿರಿ. ಅದು ಕೊನೆಯ 9000 ಕ್ವೆರಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಇದಕ್ಕಾಗಿ ಜನ ಬಳಸುತ್ತಿರುವ ಸರ್ವರಿನಲ್ಲಿ ಡೀಬಗ್ ಆನ್ ಮಾಡಬೇಡಿ. ದೋಷ ಬಂದಾಗ ಸೆಟ್ಟಿಂಗ್ ವಿವರಗಳು ಹೊರಗಿನವರ ಕಣ್ಣಿಗೆ ಬೀಳುತ್ತವೆ.

ಎಸ್‌ಕ್ಯೂಎಲ್‌ನಲ್ಲಿ ಮೂರು ಕಡೆ ಕಣ್ಣಿಡಿ. ವೇರ್ ಭಾಗದಲ್ಲಿ ನಿಮ್ಮ ಷರತ್ತುಗಳು ಎಲ್ಲವೂ ಇವೆಯೇ? ಒಂದೇ ಟೇಬಲ್ ಎರಡು ಸಲ ಜಾಯಿನ್ ಆಗಿದೆಯೇ, ಅಂದರೆ ಇನ್ನೊಂದು ಟೇಬಲ್ಲಿಗೆ ಜೋಡಿಸಿಕೊಂಡಿದೆಯೇ? ಎರಡನೆಯ ಸಲ ಬಂದ ಟೇಬಲ್ಲಿಗೆ ಜಾಂಗೊ ಟಿ4, ಟಿ5 ಎಂಬಂಥ ಗುರುತು ಕೊಟ್ಟಿರುತ್ತದೆ. ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಭಾಗದಲ್ಲಿ ನೀವು ಕೇಳದ ಫೀಲ್ಡ್ ಇದೆಯೇ? ಕೆಳಗಿನ ಬಹುಪಾಲು ದೋಷಗಳು ಈ ಮೂರರಲ್ಲಿ ಒಂದು ಕಡೆ ಸಿಕ್ಕಿಬೀಳುತ್ತವೆ.

ಡಿಲೀಟ್, ಅಪ್‌ಡೇಟ್ ಎರಡನ್ನೂ ದೋಷ ಹುಡುಕುವ ಹೊತ್ತಿನಲ್ಲಿ ಮುಟ್ಟಬೇಡಿ. ಅನಿವಾರ್ಯವಾದರೆ ಡೇಟಾಬೇಸಿನ ನಕಲಿನ ಮೇಲೆ, ಟ್ರಾನ್ಸಾಕ್ಷನ್.ಅಟಾಮಿಕ್ ಒಳಗೆ ಓಡಿಸಿ, ಕೊನೆಯಲ್ಲಿ ಸೆಟ್_ರೋಲ್‌ಬ್ಯಾಕ್(ಟ್ರೂ) ಕೊಡಿ. ಡಿಲೀಟ್ ತಾನೇ ಯಾವ ಮಾಡೆಲ್‌ನಲ್ಲಿ ಎಷ್ಟು ಸಾಲು ಹೋಗುತ್ತಿತ್ತು ಎಂಬ ಲೆಕ್ಕವನ್ನು ಹಿಂದಿರುಗಿಸುತ್ತದೆ. ಅದನ್ನು ಓದಿಕೊಳ್ಳಬಹುದು, ಸಾಲುಗಳು ಉಳಿಯುತ್ತವೆ.

ಫಿಲ್ಟರ್ ಹಾಕಿದ್ದೇನೆ, ಪಟ್ಟಿ ಬದಲಾಗಲೇ ಇಲ್ಲ

ತೀರಾ ಸರಳವಾದ ಕಾರಣ ಮೊದಲು. ಫಿಲ್ಟರ್ ಇದ್ದ ಕ್ವೆರಿಸೆಟ್ಟನ್ನು ಬದಲಿಸುವುದಿಲ್ಲ, ಹೊಸದೊಂದನ್ನು ಕೊಡುತ್ತದೆ. ಕೆಳಗಿನ ಸಾಲು ಏನೂ ಮಾಡುವುದಿಲ್ಲ:

ಪಟ್ಟಿ.ಫಿಲ್ಟರ್(ವಿಷಯ="ಕೃಷಿ")

ಪಟ್ಟಿ = ಪಟ್ಟಿ.ಫಿಲ್ಟರ್(ವಿಷಯ="ಕೃಷಿ") ಎಂದು ಹಿಡಿದುಕೊಳ್ಳಬೇಕು. ಇಫ್ ಒಳಗೆ ಒಂದೊಂದೇ ಷರತ್ತು ಸೇರಿಸುತ್ತ ಹೋಗುವ ಕೋಡಿನಲ್ಲಿ ಒಂದು ಕವಲಿನಲ್ಲಿ ಮಾತ್ರ ಈ ಹಿಡಿತ ತಪ್ಪಿರುತ್ತದೆ. ಹಾಗಾಗಿ ದೋಷ ಕೆಲವು ಹುಡುಕಾಟಗಳಲ್ಲಷ್ಟೇ ಕಾಣಿಸುತ್ತದೆ.

ಎರಡು ಷರತ್ತು ಕೊಟ್ಟರೂ ಒಂದೇ ಕೆಲಸ ಮಾಡುತ್ತಿದೆ ಎಂದಾದರೆ, ಎರಡು ಕ್ಯೂಗಳ ನಡುವೆ ಪೈಥಾನಿನ ಆ್ಯಂಡ್ ಅಥವಾ ಆರ್ ಪದ ಬಳಸಿದ್ದೀರಾ ನೋಡಿ. ಆ ಪದಗಳು ಷರತ್ತುಗಳನ್ನು ಸೇರಿಸುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಆ್ಯಂಡ್ ಹಾಕಿದರೆ ಎರಡನೆಯದು ಮಾತ್ರ ಉಳಿಯುತ್ತದೆ, ಆರ್ ಹಾಕಿದರೆ ಮೊದಲನೆಯದು ಮಾತ್ರ. ಸೇರಿಸಲು &, ಯಾವುದಾದರೊಂದು ಎನ್ನಲು |, ನಿಷೇಧಕ್ಕೆ ~ ಚಿಹ್ನೆಗಳನ್ನೇ ಬಳಸಬೇಕು. ಎರಡು ಕ್ವೆರಿಸೆಟ್‌ಗಳ ನಡುವೆ ಈ ಪದ ಹಾಕಿದ್ದರೆ ಇನ್ನೂ ದುಬಾರಿ. ಸುಳ್ಳೋ ನಿಜವೋ ಎಂದು ತಿಳಿಯಲು ಮೊದಲ ಕ್ವೆರಿಸೆಟ್ ಪೂರ್ತಿಯಾಗಿ ಡೇಟಾಬೇಸಿನಿಂದ ಬಂದು ನೆನಪಿನಲ್ಲಿ ಕೂರುತ್ತದೆ.

ಚಿಹ್ನೆಗಳು ಸರಿಯಿದ್ದೂ ಫಲಿತಾಂಶ ವಿಚಿತ್ರವಾಗಿದ್ದರೆ ಆವರಣ ಚಿಹ್ನೆ ನೋಡಿ. & ಮೊದಲು, | ಆಮೇಲೆ. "ಕೃಷಿ ಅಥವಾ ಪರಿಸರ, ಆದರೆ ಕನ್ನಡದ್ದು ಮಾತ್ರ" ಎಂದುಕೊಂಡು ಆವರಣವಿಲ್ಲದೆ ಬರೆದರೆ, "ಕೃಷಿಯ ಎಲ್ಲವೂ, ಜೊತೆಗೆ ಕನ್ನಡದ ಪರಿಸರ ಪುಸ್ತಕಗಳು" ಎಂದಾಗುತ್ತದೆ.

ಕೆಲವೇ ಸಾಲು ಬರಬೇಕಿತ್ತು, ಇಡೀ ಟೇಬಲ್ ಬಂತು

ಈ ದೋಷವನ್ನು ಉಳಿದೆಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ಷರತ್ತುಗಳನ್ನು ಲೂಪಿನಲ್ಲಿ ಸೇರಿಸುವವರೆಲ್ಲ ಹೀಗೆ ಬರೆಯುತ್ತಾರೆ:

ಷರತ್ತು = ಕ್ಯೂ()
ಫಾರ್ ಶಾಖೆ ಇನ್ ಅನುಮತಿ_ಇರುವ_ಶಾಖೆಗಳು:
    ಷರತ್ತು = ಷರತ್ತು | ಕ್ಯೂ(ಶಾಖೆ=ಶಾಖೆ)
ಪಟ್ಟಿ = ಪುಸ್ತಕ.ಆಬ್ಜೆಕ್ಟ್ಸ್.ಫಿಲ್ಟರ್(ಷರತ್ತು)

ಮೂರು ಶಾಖೆಗಳಿದ್ದರೆ ಸರಿಯಾಗಿ ನಡೆಯುತ್ತದೆ. ಒಂದೂ ಇಲ್ಲದಿದ್ದರೆ? ಲೂಪ್ ಓಡುವುದೇ ಇಲ್ಲ, ಷರತ್ತು ಖಾಲಿ ಕ್ಯೂ ಆಗಿಯೇ ಉಳಿಯುತ್ತದೆ. ಖಾಲಿ ಕ್ಯೂ ಎಂದರೆ ಜಾಂಗೊ ಪಾಲಿಗೆ "ಷರತ್ತೇ ಇಲ್ಲ". ಯಾವ ಶಾಖೆಯ ಅನುಮತಿಯೂ ಇಲ್ಲದ ಸಿಬ್ಬಂದಿಗೆ ಎಲ್ಲ ಶಾಖೆಗಳ ಪುಸ್ತಕಗಳೂ ಕಾಣುತ್ತವೆ. ಪರೀಕ್ಷೆ ಬರೆಯುವಾಗ ನಾವು ಅನುಮತಿ ಇರುವವರನ್ನೇ ಇಟ್ಟುಕೊಂಡು ಬರೆಯುತ್ತೇವೆ, ಹಾಗಾಗಿ ಇದು ತಿಂಗಳುಗಟ್ಟಲೆ ಮರೆಯಲ್ಲೇ ಇರುತ್ತದೆ.

ಗುರುತು ಹಿಡಿಯುವುದು ಸುಲಭ. ಕ್ವೆರಿ ಪ್ರಿಂಟ್ ಮಾಡಿ. ವೇರ್ ಎಂಬ ಪದವೇ ಇಲ್ಲದಿದ್ದರೆ ಇದೇ ದೋಷ. ಪರಿಹಾರ: | ಇಂದ ಕೂಡಿಸುತ್ತ ಹೋಗುವಾಗ ಆರಂಭದ ತುಣುಕು "ಯಾವುದೂ ಇಲ್ಲ" ಎಂದು ಹೇಳುವಂಥದ್ದಾಗಿರಲಿ.

ಷರತ್ತು = ಕ್ಯೂ(ಪಿಕೆ__ಇನ್=[])

ಖಾಲಿ ಪಟ್ಟಿಯೊಳಗೆ ಯಾವ ಸಾಲೂ ಸೇರುವುದಿಲ್ಲವಾದ್ದರಿಂದ ಲೂಪ್ ಓಡದಿದ್ದರೆ ಉತ್ತರವೂ ಖಾಲಿ. & ಇಂದ ಕೂಡಿಸುವಲ್ಲಿ ಮಾತ್ರ ಖಾಲಿ ಕ್ಯೂ ಇಂದ ಶುರುಮಾಡುವುದು ಸರಿ, ಏಕೆಂದರೆ ಅಲ್ಲಿ ನಿರ್ಬಂಧವಿಲ್ಲ ಎಂದರೆ ಎಲ್ಲವೂ ಎಂದೇ ಅರ್ಥ. ಅನುಮತಿಗೆ ಸಂಬಂಧಿಸಿದ ಪ್ರತಿಯೊಂದು ತುಣುಕಿಗೂ ಖಾಲಿ ಪಟ್ಟಿ ಕೊಟ್ಟು ಸೊನ್ನೆ ಸಾಲು ಬರುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆ ಇರಲೇಬೇಕು.

ಇದೇ ಖಾಲಿ ಕ್ಯೂ ಡಿಲೀಟ್ ಕೈಗೆ ಸಿಕ್ಕರೆ ಇಡೀ ಟೇಬಲ್ ಅಳಿಯುತ್ತದೆ. ಜಾಂಗೊ ಸ್ವಭಾವತಃ ಪ್ರತಿ ಕ್ವೆರಿಯನ್ನೂ ಆಗಿಂದಾಗಲೇ ಕಮಿಟ್ ಮಾಡುವುದರಿಂದ ಹಿಂದೆ ಬರುವ ದಾರಿ ಇರುವುದಿಲ್ಲ. ಹಾಗಾಗಿ ಡಿಲೀಟ್‌ಗೆ ಮೊದಲು ಕೌಂಟ್ ತೆಗೆದು, ನಿರೀಕ್ಷೆಗಿಂತ ಹೆಚ್ಚಿದ್ದರೆ ನಿಲ್ಲಿಸುವ ಒಂದು ಸಾಲು ಬರೆದಿಡಿ.

ನಿನ್ನೆಯ ಪಟ್ಟಿಯೇ ಇವತ್ತೂ ಬರುತ್ತಿದೆ, ಸರ್ವರ್ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ

"ಮರುಚಾಲನೆ ಮಾಡಿದರೆ ಸರಿ" ಎಂಬ ಮಾತು ಕೇಳಿದೊಡನೆ ಕಡತದ ಮೇಲ್ಮಟ್ಟದಲ್ಲಿ ಬರೆದ ತುಣುಕುಗಳನ್ನು ಹುಡುಕಿ:

ಅವಧಿ_ಮೀರಿದ = ಕ್ಯೂ(ವಾಪಸ್_ದಿನ__ಎಲ್‌ಟಿ=ಟೈಮ್‌ಜೋನ್.ಲೋಕಲ್‌ಡೇಟ್())

ಕ್ವೆರಿಸೆಟ್ ಸೋಮಾರಿ, ಬೇಕಾದಾಗಲಷ್ಟೇ ಡೇಟಾಬೇಸಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಕೊಟ್ಟ ತಾರೀಕು ಸೋಮಾರಿಯಲ್ಲ. ಕಡತ ಲೋಡ್ ಆದ ಕ್ಷಣದ ತಾರೀಕು ಕ್ಯೂ ಒಳಗೆ ಅಚ್ಚಾಗಿ ಕೂತು, ಆ ಪ್ರೊಸೆಸ್ ಬದುಕಿರುವವರೆಗೆ ಅಲ್ಲೇ ಇರುತ್ತದೆ. ಸೋಮವಾರ ಸರ್ವರ್ ಶುರುವಾಗಿದ್ದರೆ ಶುಕ್ರವಾರವೂ ಸೋಮವಾರದ ಲೆಕ್ಕವೇ. ಮೆಥಡ್‌ನ ಡಿಫಾಲ್ಟ್ ಆರ್ಗ್ಯುಮೆಂಟಿನಲ್ಲಿ, ಫಾರ್ಮ್ ಕ್ಲಾಸಿನ ಕ್ವೆರಿಸೆಟ್ ಸಾಲಿನಲ್ಲಿ ತಾರೀಕು ಬರೆದಿದ್ದರೂ ಇದೇ ಗತಿ. ತುಣುಕನ್ನು ಫಂಕ್ಷನ್ ಅಥವಾ ಕ್ವೆರಿಸೆಟ್ ಮೆಥಡ್ ಮಾಡಿ, ಕರೆದಾಗಲೆಲ್ಲ ತಾರೀಕು ಹೊಸದಾಗಿ ಬರುತ್ತದೆ.

ಕ್ಲಾಸಿನ ಮಟ್ಟದಲ್ಲಿ ಇಟ್ಟ ಕ್ವೆರಿಸೆಟ್ಟನ್ನೇ ನೇರವಾಗಿ ಲೂಪಿಗೆ ಕೊಟ್ಟರೂ ಹಳೆಯ ಪಟ್ಟಿ ಅಂಟಿಕೊಳ್ಳುತ್ತದೆ, ಏಕೆಂದರೆ ಒಮ್ಮೆ ಓಡಿದ ಕ್ವೆರಿಸೆಟ್ ತನ್ನ ಫಲಿತಾಂಶವನ್ನು ಇಟ್ಟುಕೊಳ್ಳುತ್ತದೆ. ಬಳಸುವ ಮುನ್ನ .ಆಲ್() ಎಂದು ಕರೆದು ಹೊಸ ಪ್ರತಿ ತೆಗೆದುಕೊಳ್ಳಿ. ಜಾಂಗೊದ ಜೆನೆರಿಕ್ ವ್ಯೂಗಳು ಮಾಡುವುದೂ ಇದನ್ನೇ.

ತಪ್ಪು ಬೆಳಗಿನ ಜಾವ ಮಾತ್ರ ಕಾಣಿಸಿಕೊಂಡು, 5:30 ದಾಟಿದ ಮೇಲೆ ತಾನಾಗಿ ಸರಿಯಾಗುತ್ತಿದ್ದರೆ ತುಣುಕಿನದೇನೂ ತಪ್ಪಿಲ್ಲ. ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್‌ನಲ್ಲಿ ಟೈಮ್ ಜೋನ್ ಯುಟಿಸಿ ಎಂದಿರುತ್ತದೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ.

ಒಬ್ಬರೇ ಸದಸ್ಯರು ಹನ್ನೆರಡು ಸಲ ಕಾಣುತ್ತಾರೆ, ಅಥವಾ ಪಟ್ಟಿಯಲ್ಲಿ ಇರಬಾರದವರೂ ಇದ್ದಾರೆ

ತುಣುಕುಗಳನ್ನು ಮರುಬಳಸುವ ಪದ್ಧತಿಯಿಂದಲೇ ಹುಟ್ಟುವ ದೋಷ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಸದಸ್ಯರ ಕ್ವೆರಿಸೆಟ್‌ನಲ್ಲಿ ಎರಡು ಮೆಥಡ್‌ಗಳಿವೆ ಎನ್ನಿ. ಕೃಷಿ_ಓದುಗರು ಎಂಬುದು ಫಿಲ್ಟರ್(ಎರವಲು__ಪುಸ್ತಕ__ವಿಷಯ="ಕೃಷಿ") ಎನ್ನುತ್ತದೆ. ವರ್ಷದವರು(2024) ಎಂಬುದು ಫಿಲ್ಟರ್(ಎರವಲು__ತಾರೀಕು__ಇಯರ್=2024) ಎನ್ನುತ್ತದೆ. ಎರಡನ್ನೂ ಸರಪಳಿಯಾಗಿ ಕರೆದರೆ "2024ರಲ್ಲಿ ಕೃಷಿ ಪುಸ್ತಕ ಒಯ್ದವರು" ಸಿಗುತ್ತಾರೆ ಎಂದು ಕೋಡ್ ಓದಿದ ಯಾರಿಗಾದರೂ ಅನಿಸುತ್ತದೆ. ಸಿಗುವುದು ಬೇರೆ: ಎಂದಾದರೊಮ್ಮೆ ಕೃಷಿ ಪುಸ್ತಕ ಒಯ್ದು, 2024ರಲ್ಲಿ ಯಾವುದೋ ಒಂದು ಪುಸ್ತಕ ಒಯ್ದವರು. 2015ರಲ್ಲಿ ಕೃಷಿ, 2024ರಲ್ಲಿ ಕಾದಂಬರಿ ಒಯ್ದವರೂ ಪಟ್ಟಿಯಲ್ಲಿ ಇರುತ್ತಾರೆ.

ಕಾರಣ ಇಷ್ಟು. ಒಂದಕ್ಕೆ ಹಲವು ಇರುವ ಸಂಬಂಧವನ್ನು ದಾಟುವಾಗ ಪ್ರತಿಯೊಂದು ಫಿಲ್ಟರ್ ಕರೆಯೂ ಎರವಲು ಟೇಬಲ್ಲನ್ನು ಹೊಸದಾಗಿ ಜಾಯಿನ್ ಮಾಡುತ್ತದೆ. ಒಂದೇ ಫಿಲ್ಟರ್ ಕರೆಯೊಳಗಿನ ಷರತ್ತುಗಳು ಮಾತ್ರ ಒಂದೇ ಎರವಲು ಸಾಲಿಗೆ ಅನ್ವಯಿಸುತ್ತವೆ. ಎರಡು ಜಾಯಿನ್ ಇದ್ದಾಗ ಸಾಲುಗಳು ಗುಣಾಕಾರವಾಗುತ್ತವೆ. ಒಬ್ಬರು ಒಟ್ಟು 3 ಸಲ ಕೃಷಿ ಪುಸ್ತಕ ಒಯ್ದು, 2024ರಲ್ಲಿ 4 ಎರವಲು ಮಾಡಿದ್ದರೆ ಅವರ ಹೆಸರು 12 ಸಲ. ಕೌಂಟ್ ಕೂಡ 12 ಎನ್ನುತ್ತದೆ.

ಇಲ್ಲಿ ಡಿಸ್ಟಿಂಕ್ಟ್ ಹಾಕಬೇಡಿ. ಹನ್ನೆರಡು ಹೆಸರು ಒಂದಾಗುತ್ತದೆ ನಿಜ, ಆದರೆ ಪಟ್ಟಿಯಲ್ಲಿ ಇರಬಾರದವರು ಹಾಗೇ ಉಳಿಯುತ್ತಾರೆ. ಲಕ್ಷಣ ಮರೆಯಾಗಿ ರೋಗ ಉಳಿಯಿತು.

ಪರಿಹಾರಕ್ಕೆ ಎರಡು ದಾರಿಗಳಿವೆ. ಸಣ್ಣದು: ಮೆಥಡ್‌ಗಳ ಬದಲು ಕ್ಯೂ ತುಣುಕುಗಳನ್ನು ಇಟ್ಟುಕೊಂಡು ಎರಡನ್ನೂ ಒಂದೇ ಫಿಲ್ಟರಿಗೆ ಕೊಡುವುದು. ಗಟ್ಟಿಯಾದದ್ದು: ಷರತ್ತುಗಳನ್ನು ಅವು ನಿಜವಾಗಿ ಸೇರಬೇಕಾದ ಮಾಡೆಲ್‌ಗೆ, ಅಂದರೆ ಎರವಲಿನ ಕ್ವೆರಿಸೆಟ್‌ಗೆ ಸಾಗಿಸುವುದು. ವಿಷಯ, ತಾರೀಕು ಎರಡೂ ಎರವಲಿನ ಸಂಗತಿಗಳೇ ಹೊರತು ಸದಸ್ಯರದ್ದಲ್ಲ.

ಎರವಲುಗಳು = ಎರವಲು.ಆಬ್ಜೆಕ್ಟ್ಸ್.ಕೃಷಿಯವು().ವರ್ಷದ್ದು(2024)
ಸದಸ್ಯ.ಆಬ್ಜೆಕ್ಟ್ಸ್.ಫಿಲ್ಟರ್(ಎಗ್ಸಿಸ್ಟ್ಸ್(ಎರವಲುಗಳು.ಫಿಲ್ಟರ್(ಸದಸ್ಯ=ಔಟರ್‌ರೆಫ್("ಪಿಕೆ"))))

ಎಗ್ಸಿಸ್ಟ್ಸ್ ಜಾಯಿನ್ ಮಾಡುವುದಿಲ್ಲ. ಹಾಗಾಗಿ ಸಾಲು ಎರಡಾಗುವ ಪ್ರಶ್ನೆಯೇ ಇಲ್ಲ, ಮುಂದೆ ಯಾರು ಎಷ್ಟು ತುಣುಕು ಸೇರಿಸಿದರೂ ಅರ್ಥ ಕೆಡುವುದಿಲ್ಲ. ಹೊಸದಾಗಿ ಬರೆಯುವವರು ಶುರುವಿನಿಂದಲೇ ಈ ದಾರಿ ಹಿಡಿಯುವುದು ಒಳ್ಳೆಯದು.

ಎಕ್ಸ್‌ಕ್ಲೂಡ್‌ನ ನಡೆ ಇನ್ನೂ ಬೇರೆ. ಒಂದೇ ಎಕ್ಸ್‌ಕ್ಲೂಡ್ ಕರೆಯೊಳಗೆ ಎರಡು ಷರತ್ತು ಕೊಟ್ಟರೂ ಅವು ಒಂದೇ ಎರವಲು ಸಾಲಿಗೆ ಅನ್ವಯಿಸುತ್ತವೆ ಎಂಬ ಖಾತ್ರಿ ಇಲ್ಲ. ಅಲ್ಲೂ ~ಎಗ್ಸಿಸ್ಟ್ಸ್ ಬಳಸಿ.

ಎಣಿಕೆ ಹೆಚ್ಚಾಗಿದೆ, ದಂಡದ ಮೊತ್ತ ದುಪ್ಪಟ್ಟಾಗಿದೆ

ಒಂದು ತುಣುಕು ಲೇಖಕರ ಸಂಖ್ಯೆ ಸೇರಿಸುತ್ತದೆ, ಇನ್ನೊಂದು ಎರವಲುಗಳ ಸಂಖ್ಯೆ. ಎರಡೂ ಅನೋಟೇಟ್ (ಪ್ರತಿ ಸಾಲಿಗೂ ಒಂದು ಲೆಕ್ಕ ಸೇರಿಸುವ ಮೆಥಡ್) ಒಟ್ಟಿಗೆ ಬಂದಾಗ, 2 ಲೇಖಕರೂ 5 ಎರವಲೂ ಇರುವ ಪುಸ್ತಕಕ್ಕೆ ಎರಡು ಕಡೆಯೂ 10 ಎಂದು ಬರುತ್ತದೆ. ಕೌಂಟ್‌ಗೆ ಡಿಸ್ಟಿಂಕ್ಟ್=ಟ್ರೂ ಕೊಟ್ಟರೆ 2, 5 ಎಂದು ಸರಿಯಾಗುತ್ತದೆ.

ಮೊತ್ತ ಕೂಡಿಸುವ ಸಮ್‌ಗೆ ಆ ಮದ್ದು ಹಿಡಿಯುವುದಿಲ್ಲ. ₹30 ದಂಡ ಇಬ್ಬರು ಲೇಖಕರ ಕಾರಣಕ್ಕೆ ₹60 ಆಗಿದೆ ಎಂದು ಡಿಸ್ಟಿಂಕ್ಟ್ ಹಾಕಿದರೆ, ಐದೈದು ರೂಪಾಯಿಯ ಎರಡು ಬೇರೆ ಬೇರೆ ದಂಡಗಳು ಒಂದೇ ಐದು ರೂಪಾಯಿ ಆಗುತ್ತವೆ. ಅದು ಮೌಲ್ಯವನ್ನು ನೋಡುತ್ತದೆಯೇ ಹೊರತು ಸಾಲನ್ನಲ್ಲ. ಹಣದ ಲೆಕ್ಕವನ್ನು ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿಯಲ್ಲಿ) ಪ್ರತ್ಯೇಕವಾಗಿ ಕೂಡಿಸಿ ತನ್ನಿ, ಎರವಲು ಇಲ್ಲದ ಪುಸ್ತಕಕ್ಕೆ ನಲ್ (ಬೆಲೆಯೇ ಇಲ್ಲದ ಖಾಲಿ ಜಾಗ) ಬಾರದಂತೆ ಕೋಎಲೆಸ್ ಹಾಕಿ ಸೊನ್ನೆ ಕೊಡಿ. ಆ ಸಬ್‌ಕ್ವೆರಿಯ ಮೂಲ ತುಣುಕಿನಲ್ಲಿ ಆರ್ಡರ್_ಬೈ ಇದ್ದರೆ ಖಾಲಿ ಆರ್ಡರ್_ಬೈ() ಕರೆದು ಮೊದಲು ತೆಗೆಯಿರಿ. ಇಲ್ಲದಿದ್ದರೆ ಆ ಫೀಲ್ಡ್ ಗ್ರೂಪ್ ಬೈ ಒಳಗೆ ಸೇರಿಕೊಂಡು ಮೊತ್ತವನ್ನು ಚೂರುಚೂರು ಮಾಡುತ್ತದೆ. ಮಾಡೆಲ್‌ನ ಮೆಟಾ ಒಳಗಿನ ಆರ್ಡರಿಂಗ್ ಮಾತ್ರ ಜಾಂಗೊ 3.1ರಿಂದ ಈ ಕೆಡುಕು ಮಾಡುತ್ತಿಲ್ಲ.

"2024ರ ಎರವಲು ಮಾತ್ರ ಎಣಿಸು" ಎನ್ನಲು ಫಿಲ್ಟರ್ ಅನ್ನು ಅನೋಟೇಟ್ ಹಿಂದೆ ಇಡಬೇಕೋ ಮುಂದೆ ಇಡಬೇಕೋ ಎಂಬ ಗೊಂದಲ ಬೇಡ. ಕೌಂಟ್ ಒಳಗಿನ ಫಿಲ್ಟರ್ ಆರ್ಗ್ಯುಮೆಂಟಿಗೆ ಅದೇ ಕ್ಯೂ ತುಣುಕನ್ನು ಕೊಡಿ.

ಏನೂ ಬರುತ್ತಿಲ್ಲ

ಮೊದಲು ಪ್ರಿಂಟ್. ಕ್ವೆರಿಯ ಬದಲು ಎಂಪ್ಟಿರಿಸಲ್ಟ್‌ಸೆಟ್ ಎಂಬ ದೋಷ ಬಂದರೆ, ಯಾವ ಸಾಲೂ ಹೊಂದುವುದು ಸಾಧ್ಯವಿಲ್ಲ ಎಂದು ಜಾಂಗೊ ತಾನೇ ತೀರ್ಮಾನಿಸಿ ಡೇಟಾಬೇಸಿಗೆ ಹೋಗಲೇ ಇಲ್ಲ ಎಂದರ್ಥ. ಎಲ್ಲೋ ಒಂದು ಇನ್ ಷರತ್ತಿಗೆ ಖಾಲಿ ಪಟ್ಟಿ ಹೋಗಿದೆ, ಅಥವಾ ನನ್() ಸೇರಿದೆ.

ಎಸ್‌ಕ್ಯೂಎಲ್ ಸರಿಯಾಗಿ ಕಾಣುತ್ತಿದ್ದು, ಅದರಲ್ಲಿ ನಾಟ್ ಮತ್ತು ಇನ್ ಇದ್ದರೆ ನಲ್ ಹುಡುಕಿ. "ಯಾರೂ ಒಯ್ಯದ ಪುಸ್ತಕಗಳು" ಎಂಬುದಕ್ಕೆ ಎರವಲಿನ ಪುಸ್ತಕಗಳ ಸಬ್‌ಕ್ವೆರಿ ಮಾಡಿ ಎಕ್ಸ್‌ಕ್ಲೂಡ್ ಮಾಡಿದ್ದೀರಿ. ಎರಡು ವರ್ಷ ಸರಿಯಾಗಿ ನಡೆದದ್ದು ಒಂದು ದಿನ ಸೊನ್ನೆ ಎನ್ನುತ್ತದೆ. ಆ ದಿನ ಯಾವುದೋ ಪುಸ್ತಕವನ್ನು ದಾಖಲೆಯಿಂದ ತೆಗೆದಿರುತ್ತಾರೆ, ಅದರ ಎರವಲು ಸಾಲಿನಲ್ಲಿ ಪುಸ್ತಕದ ಜಾಗ ನಲ್ ಆಗಿರುತ್ತದೆ. "ಈ ಪುಸ್ತಕ ಆ ಪಟ್ಟಿಯಲ್ಲಿ ಇಲ್ಲವೇ?" ಎಂದರೆ, ಪಟ್ಟಿಯಲ್ಲಿ ಒಂದು ನಲ್ ಇರುವ ಕಾರಣ ಡೇಟಾಬೇಸ್ "ಹೇಳಲಾಗದು" ಎನ್ನುತ್ತದೆ, ಸಾಲನ್ನು ಬಿಟ್ಟುಬಿಡುತ್ತದೆ. ಒಂದೇ ಒಂದು ನಲ್ ಸಾಕು. ಸಬ್‌ಕ್ವೆರಿಗೆ ಪುಸ್ತಕ__ಈಸ್‌ನಲ್=ಫಾಲ್ಸ್ ಸೇರಿಸಿ, ಇಲ್ಲವೇ ~ಎಗ್ಸಿಸ್ಟ್ಸ್ ಬಳಸಿ.

ಮೈಎಸ್‌ಕ್ಯೂಎಲ್‌ನಲ್ಲಿ ದಿನಾಂಕ-ಸಮಯದ ಫೀಲ್ಡಿಗೆ __ಡೇಟ್ ಷರತ್ತು ಕೊಟ್ಟಾಗ ಮಾತ್ರ ಏನೂ ಬಾರದಿದ್ದರೆ, ಸರ್ವರಿನಲ್ಲಿ ಟೈಮ್ ಜೋನ್ ಟೇಬಲ್‌ಗಳು ಲೋಡ್ ಆಗಿಲ್ಲ. ಅದನ್ನು ಸರ್ವರ್ ನೋಡಿಕೊಳ್ಳುವವರಿಂದಲೇ ಮಾಡಿಸಿ.

ದೋಷ ಸಂದೇಶ ಬಂದರೆ

ಇವು ಸುಲಭದವು, ಬೇಗ ಮುಗಿಸೋಣ.

"ಕೆನಾಟ್ ರಿಸಾಲ್ವ್ ಕೀವರ್ಡ್" ಎಂದರೆ ಒಂದು ಮಾಡೆಲ್‌ಗೆ ಬರೆದ ಕ್ಯೂವನ್ನು ಇನ್ನೊಂದರಲ್ಲಿ ಬಳಸಿದ್ದೀರಿ. ಕ್ಯೂ ಒಳಗೆ ಇರುವುದು ಬರೀ ಹೆಸರುಗಳು. ಎರವಲಿನಲ್ಲಿ ತಾರೀಕು ಎಂದದ್ದು ಸದಸ್ಯರ ಕಡೆಯಿಂದ ಎರವಲು__ತಾರೀಕು ಆಗುತ್ತದೆ. ತುಣುಕನ್ನು ಫಂಕ್ಷನ್ ಮಾಡಿ, ಮುಂಪದವನ್ನು ಆರ್ಗ್ಯುಮೆಂಟಾಗಿ ತೆಗೆದುಕೊಳ್ಳುವಂತೆ ಬರೆಯಿರಿ.

ಮೊದಲ ಕರೆಯಲ್ಲಿ ಸಿಗುವ ಮೆಥಡ್ ಫಿಲ್ಟರ್ ಆದಮೇಲೆ ಸಿಗುತ್ತಿಲ್ಲ ಎಂದರೆ ಅದನ್ನು ಮ್ಯಾನೇಜರಿನಲ್ಲಿ, ಅಂದರೆ ಮಾಡೆಲ್‌ನ ಆಬ್ಜೆಕ್ಟ್ಸ್ ಎಂಬುದರಲ್ಲಿ, ಬರೆದಿದ್ದೀರಿ. ಕ್ವೆರಿಸೆಟ್ ಕ್ಲಾಸಿಗೆ ಸಾಗಿಸಿ, ಆಸ್_ಮ್ಯಾನೇಜರ್() ಇಂದ ಮ್ಯಾನೇಜರ್ ಮಾಡಿಕೊಳ್ಳಿ. ಹೆಸರು ಅಡಿಗೆರೆಯಿಂದ ಶುರುವಾಗುವ ಮೆಥಡ್‌ಗಳು ತಾವಾಗಿ ಮ್ಯಾನೇಜರಿಗೆ ಬರುವುದಿಲ್ಲ.

ಸ್ಲೈಸ್ ಮಾಡಿದ ಮೇಲೆ ಫಿಲ್ಟರ್ ಆಗದು. ಮೊದಲ ಹತ್ತನ್ನು ಕತ್ತರಿಸಿ ಕೊಡುವ ಕೆಲಸ ಕೊನೆಯ ಹಂತದ್ದು, ಮರುಬಳಕೆಯ ತುಣುಕಿನೊಳಗೆ ಅದು ಇರಬಾರದು. ಯೂನಿಯನ್ ಆದಮೇಲೂ ಫಿಲ್ಟರ್ ನಡೆಯುವುದಿಲ್ಲ. ಒಂದೇ ಮಾಡೆಲ್ ಆದರೆ ಯೂನಿಯನ್ ಬದಲು | ಬಳಸಿ.

ಅಡ್ಮಿನ್‌ನಲ್ಲಿ ಕೆಲವು ಸಾಲು ಕಾಣೆಯಾಗಿದ್ದರೆ ಮಾಡೆಲ್‌ನಲ್ಲಿ ಮೊದಲು ಬರೆದ ಮ್ಯಾನೇಜರ್ ಯಾವುದು ನೋಡಿ. ಮೊದಲನೆಯದೇ ಡಿಫಾಲ್ಟ್. ಅದು ಹಳೆಯ ಪುಸ್ತಕಗಳನ್ನು ಮರೆಮಾಡುತ್ತಿದ್ದರೆ ಅಡ್ಮಿನ್‌ಗೂ ಅವು ಕಾಣವು. ಏನನ್ನೂ ಮರೆಮಾಡದ ಮ್ಯಾನೇಜರನ್ನು ಮೊದಲು ಇಡಿ.

ಉತ್ತರ ಸರಿ, ಪುಟ ಮಾತ್ರ ನಿಧಾನ

ಕ್ವೆರಿಗಳನ್ನು ಎಣಿಸಿ. 50 ಪುಸ್ತಕಗಳ ಪುಟಕ್ಕೆ 51 ಕ್ವೆರಿ ಓಡುತ್ತಿದ್ದರೆ, ಪ್ರತಿ ಸಾಲಿಗೂ ಸಂಬಂಧಿತ ಮಾಹಿತಿಯನ್ನು ಬೇರೆಯಾಗಿ ತರುತ್ತಿದ್ದೀರಿ. ಒಂದೇ ಇರುವ ಸಂಬಂಧಕ್ಕೆ ಸೆಲೆಕ್ಟ್_ರಿಲೇಟೆಡ್, ಹಲವು ಇರುವುದಕ್ಕೆ ಪ್ರೀಫೆಚ್_ರಿಲೇಟೆಡ್.

ಪ್ರೀಫೆಚ್ ಹಾಕಿದ ಮೇಲೂ ಎಣಿಕೆ ಇಳಿಯಲಿಲ್ಲವೇ? ಮಾಡೆಲ್‌ನ ಮೆಥಡ್ ಒಳಗೆ ಅಥವಾ ಟೆಂಪ್ಲೇಟ್ ಕಡೆಯಲ್ಲಿ ಪುಸ್ತಕದ ಎರವಲುಗಳ ಮೇಲೆ ನಿಮ್ಮ ತುಣುಕಿನ ಫಿಲ್ಟರ್ ಕರೆಯುತ್ತಿರುತ್ತೀರಿ. ಫಿಲ್ಟರ್ ಎಂದೊಡನೆ ಮೊದಲೇ ತಂದಿಟ್ಟದ್ದನ್ನು ಬದಿಗಿಟ್ಟು ಹೊಸ ಕ್ವೆರಿ ಓಡುತ್ತದೆ. ತುಣುಕನ್ನು ಪ್ರೀಫೆಚ್ ಆಬ್ಜೆಕ್ಟಿನ ಕ್ವೆರಿಸೆಟ್ ಆಗಿ ಕೊಟ್ಟು, ಟು_ಆಟ್ರ್ ಇಂದ ಒಂದು ಹೆಸರಿನ ಪಟ್ಟಿಯಾಗಿ ಇಟ್ಟುಕೊಳ್ಳಿ. ಸರಿಮಾಡಿದ ಮೇಲೆ ಅಸರ್ಟ್‌ನಮ್‌ಕ್ವೆರೀಸ್ ಬಳಸಿ ಒಂದು ಪರೀಕ್ಷೆ ಬರೆದರೆ ಮುಂದೆ ಯಾರೋ ತುಣುಕು ಸೇರಿಸಿ ಕೆಡಿಸಿದಾಗ ಅಲ್ಲೇ ಗೊತ್ತಾಗುತ್ತದೆ.

ಕ್ವೆರಿ ಒಂದೇ, ಅದೇ ನಿಧಾನ ಎಂದಾದರೆ .ಎಕ್ಸ್‌ಪ್ಲೇನ್() ಕರೆಯಿರಿ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಅನಲೈಜ್=ಟ್ರೂ ಕೊಟ್ಟರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಆಗಲೇ ಒದ್ದಾಡುತ್ತಿರುವ ಸರ್ವರಿನ ಮೇಲೆ ಅದು ಬೇಡ. ದೊಡ್ಡ ಟೇಬಲ್ ಪೂರ್ತಿ ಓದುತ್ತಿರುವುದು ಕಂಡರೆ, ಶೀರ್ಷಿಕೆಯ ನಡುವೆ ಪದ ಹುಡುಕುವ ಕಂಟೇನ್ಸ್ ಷರತ್ತಿಗೆ ಮಾಮೂಲಿ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ನೆನಪಿಡಿ. ಅದಕ್ಕೆ ಪಿಜಿ_ಟಿಆರ್‌ಜಿಎಮ್ ವಿಸ್ತರಣೆಯ ಇಂಡೆಕ್ಸ್ ಬೇಕು.

ಕನ್ನಡ ಹೆಸರು ಪಟ್ಟಿಯಲ್ಲಿದೆ, ಹುಡುಕಿದರೆ ಸಿಗುವುದಿಲ್ಲ

ಹುಡುಕಾಟದ ತುಣುಕನ್ನು ಎಷ್ಟು ತಿರುವಿ ನೋಡಿದರೂ ತಪ್ಪು ಸಿಗದಿದ್ದರೆ ಅಕ್ಷರಗಳನ್ನೇ ಎಣಿಸಿ. "ಕೋಲಾರ" ಎಂಬ ಪದಕ್ಕೆ ಪೈಥಾನಿನ ಲೆನ್ ಕೊಡಬೇಕಾದ್ದು 5. ಕೆಲವು ಸಾಲುಗಳಲ್ಲಿ 7 ಬರಬಹುದು. ಮೊದಲನೆಯದರಲ್ಲಿ ಓ ಕಾರ ಒಂದೇ ಚಿಹ್ನೆ. ಎರಡನೆಯದರಲ್ಲಿ ಎ ಕಾರ, ಊ ಕಾರ, ದೀರ್ಘದ ಗುರುತು ಎಂದು ಮೂರು ಚಿಹ್ನೆಗಳು ಸಾಲಾಗಿ ಕೂತಿವೆ. ತೆರೆಯ ಮೇಲೆ ಎರಡೂ ಒಂದೇ. ಡೇಟಾಬೇಸ್ ಇವನ್ನು ಬೇರೆ ಬೇರೆ ಪದಗಳೆಂದೇ ಹೋಲಿಸಬಹುದು. ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಪರಿವರ್ತಿಸಿ ತುಂಬಿದ ಕಡತಗಳಿದ್ದರೆ ಮೊದಲು ಅಲ್ಲಿ ನೋಡಿ.

ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಮೂರೂ ಸೇರಿ ಒಂದಾಗುತ್ತವೆ. ಸಾಲು ಉಳಿಸುವಾಗಲೂ ಹುಡುಕುವ ಪದಕ್ಕೂ, ಎರಡೂ ಕಡೆ ಇದನ್ನು ಮಾಡಬೇಕು. ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ. ಮಾಡೆಲ್ ಫೀಲ್ಡ್‌ಗಳಿಗೆ ಜಾಂಗೊ ತಾನಾಗಿ ಇದನ್ನು ಮಾಡುವುದಿಲ್ಲ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಒತ್ತಕ್ಷರ ತಡೆಯಲು ಇಡುವ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನು ಮೂಲ ಫೀಲ್ಡಿನಿಂದ ಕಿತ್ತುಹಾಕಬೇಡಿ, ಬರಹದ ರೂಪವೇ ಕೆಡುತ್ತದೆ. ಹುಡುಕಾಟಕ್ಕೆಂದೇ ಇನ್ನೊಂದು ಫೀಲ್ಡ್ ಇಟ್ಟು, ಅದರಲ್ಲಿ ಮಾತ್ರ ತೆಗೆದಿಡಿ.

ಇಲ್ಲಿ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಡಿಲೀಟ್ ಅಥವಾ ಅಪ್‌ಡೇಟ್ ತಪ್ಪಾಗಿ ಓಡಿಹೋಗಿದ್ದರೆ ನೀವೇ ಸಾಲುಗಳನ್ನು ಮತ್ತೆ ತುಂಬಲು ಹೋಗಬೇಡಿ. ಓಡಿದ ಸಮಯವನ್ನು ನಿಮಿಷ ಸಹಿತ ಬರೆದಿಟ್ಟು, ಬರೆಯುವ ಕೆಲಸಗಳನ್ನು ನಿಲ್ಲಿಸಿ, ಬ್ಯಾಕಪ್ ನೋಡಿಕೊಳ್ಳುವವರಿಗೆ ಕೂಡಲೇ ಹೇಳಿ. ಹೊಸದಾಗಿ ತುಂಬಿದ ಪ್ರತಿ ಸಾಲೂ ಅವರ ಕೆಲಸವನ್ನು ಕಷ್ಟ ಮಾಡುತ್ತದೆ.

ಜನ ಬಳಸುತ್ತಿರುವ ದೊಡ್ಡ ಟೇಬಲ್ಲಿಗೆ ಇಂಡೆಕ್ಸ್ ಸೇರಿಸುವುದು ಡೇಟಾಬೇಸ್ ನಿರ್ವಾಹಕರ ಕೆಲಸ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಮಾಮೂಲಿಯಾಗಿ ಇಂಡೆಕ್ಸ್ ಕಟ್ಟುವಾಗ ಆ ಟೇಬಲ್ಲಿಗೆ ಬರೆಯುವುದೆಲ್ಲ ನಿಂತುಹೋಗುತ್ತದೆ. ಕನ್ಕರೆಂಟ್ಲಿ ಎಂಬ ಬೇರೆ ದಾರಿ ಇದೆ, ಅದು ಟ್ರಾನ್ಸಾಕ್ಷನ್ ಒಳಗೆ ನಡೆಯುವುದಿಲ್ಲ.

ಒಬ್ಬರಿಗೆ ಕಾಣಬಾರದ ಸಾಲು ಕಂಡಿದ್ದರೆ ಅದು ಭದ್ರತೆಯ ವಿಷಯ. ಸದ್ದಿಲ್ಲದೆ ಸರಿಪಡಿಸಿ ಸುಮ್ಮನಾಗಬೇಡಿ, ಹೊಣೆ ಇರುವವರಿಗೆ ತಿಳಿಸಿ. ಇದೇ ಸಾಲಿಗೆ ಸೇರುವುದು, ಬ್ರೌಸರಿನಿಂದ ಬಂದ ಡಿಕ್ಷನರಿಯನ್ನು ಎರಡು ನಕ್ಷತ್ರ ಹಾಕಿ ಹಾಗೇ ಫಿಲ್ಟರಿಗೋ ಕ್ಯೂಗೋ ಬಿಚ್ಚುವ ಕೋಡ್. ಬೆಲೆಗಳು ಸುರಕ್ಷಿತವಾಗಿ ಹೋದರೂ ಕೀಗಳು ಹೊರಗಿನವರ ಕೈಯಲ್ಲಿರುತ್ತವೆ. ಪಾಸ್‌ವರ್ಡ್ ಹ್ಯಾಶ್ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದು ಒಂದೊಂದೇ ಅಕ್ಷರ ಕೊಟ್ಟು ತಿಳಿದುಕೊಳ್ಳಬಹುದು. _ಕನೆಕ್ಟರ್ ಎಂಬ ಕೀ ಮೂಲಕ ಎಸ್‌ಕ್ಯೂಎಲ್ ಅನ್ನೇ ತುರುಕಬಹುದಾದ ದೋಷವೂ ಜಾಂಗೊದಲ್ಲಿತ್ತು. ಅದು ಸರಿಯಾದದ್ದು 2025ರ ನವೆಂಬರಿನ 4.2.26, 5.1.14, 5.2.8 ಆವೃತ್ತಿಗಳಲ್ಲಿ. ಅದಕ್ಕಿಂತ ಹಳೆಯದು ಓಡುತ್ತಿದ್ದರೆ ಇವತ್ತೇ ಅಪ್‌ಗ್ರೇಡ್ ಮಾಡಿಸಿ. ಆವೃತ್ತಿ ಯಾವುದೇ ಇರಲಿ, ಒಪ್ಪಿಗೆಯಾದ ಕೀಗಳ ಪಟ್ಟಿಯೊಂದನ್ನು ಕೋಡಿನಲ್ಲೇ ಬರೆದಿಟ್ಟು, ಅದರಲ್ಲಿ ಇಲ್ಲದ ಕೀ ಬಂದರೆ ಕ್ವೆರಿ ಕಟ್ಟುವ ಮೊದಲೇ ತಿರಸ್ಕರಿಸಿ.